ಬಡಗುತಿಟ್ಟಿನ ಕಲಾವಿದರ ಉದ್ಯೋಗಕ್ರಮ ಮತ್ತು ವಿದ್ಯಾಭ್ಯಾಸ: ಒಂದು ಐತಿಹಾಸಿಕ ಸಮೀಕ್ಷೆ

ಕಲಾವಿದನಾದವನು ಕೆಲಸವನ್ನು ಎಲ್ಲಿ ಅರಸುತ್ತಾನೆ, ಕಸುಬನ್ನು ಯಾರಿಂದ ಕಲಿಯುತ್ತಾನೆ ಎಂಬ ಎರಡು ಪ್ರಶ್ನೆಗಳು ಅಂತರ್ಜಾಲದ ಬಳಕೆ ಹಬ್ಬಿದ ಮೇಲೆ ಮತ್ತೆ ಕೇಳಿಬರತೊಡಗಿವೆ. ಯಾವ ಸಂಸ್ಥೆಗೂ ಕಾಯಂ ನೌಕರರಾಗದೆ ಬಿಡಿಕೆಲಸಗಳನ್ನೊಪ್ಪಿಕೊಂಡು ಬಾಳುವ ಚಿತ್ರಕಾರರು, ಬರಹಗಾರರು, ಸಂಗೀತಗಾರರು ಮೊದಲಾದವರಿಗಾಗಿ ಉದ್ಯೋಗದ ಜಾಲತಾಣಗಳೂ ಪಾಠದ ಜಾಲತಾಣಗಳೂ ಹುಟ್ಟಿಕೊಂಡಿರುವುದು ಸರ್ವವಿದಿತವೇ ಆಗಿದೆ. ಆದರೆ ಇಂಥ ಸ್ವತಂತ್ರವೃತ್ತಿಯು ಈ ಕಾಲದ ಸೃಷ್ಟಿಯೆಂದು ಭಾವಿಸುವುದು ಯುಕ್ತವಲ್ಲ. ಕುಂದಾಪುರ, ಬ್ರಹ್ಮಾವರ, ಬೈಂದೂರುಗಳ ಕರಾವಳಿಯಲ್ಲಿ ಬಡಗುತಿಟ್ಟಿನ ಯಕ್ಷಗಾನ ಕಲಾವಿದನು ಹಲವು ತಲೆಮಾರುಗಳಿಂದ ಹೆಚ್ಚುಕಡಮೆ ಇದೇ ಬಾಳನ್ನು ಬಾಳಿದವನು. (ಬ್ರಹ್ಮಾವರ, ಬೈಂದೂರುಗಳು ಪ್ರತ್ಯೇಕ ತಾಲ್ಲೂಕುಗಳಾದುದು 2018ರಲ್ಲಿ, ಕಲೆಯ ಭೂಪಟವು ಕಂದಾಯದ ಭೂಪಟವನ್ನು ಅನುಸರಿಸುವುದಿಲ್ಲವಾದ್ದರಿಂದ ಇಲ್ಲಿ ಮೂರನ್ನೂ ಒಂದೇ ಪ್ರದೇಶವೆಂದು ಗ್ರಹಿಸಲಾಗಿದೆ.)

ಮೇಳದ ತಿರುಗಾಟವು ದೀಪಾವಳಿಯ ಅನಂತರ ಆರಂಭವಾಗಿ ಪತ್ತನಾಜೆಗೆ, ಎಂದರೆ ಮೇ ತಿಂಗಳ 24ರ ಆಸುಪಾಸಿಗೆ, ಮುಗಿಯುವುದು ವಾಡಿಕೆ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರು ಮೊದಲಾದ ಕ್ಷೇತ್ರಗಳ ಮೇಳಗಳು ಭಕ್ತರ ಹರಕೆಯ ಆಟಗಳನ್ನು ಆಡುತ್ತ ಬಂದವು. ಕಲಾವಿದನಿಗೂ ಮೇಳಕ್ಕೂ ಇದ್ದ ಸಂಬಂಧವು ಒಂದು ತಿರುಗಾಟದ ಮಾತುಕತೆ ಮಾತ್ರ. ಮರುವರ್ಷ ಅವನು ಅದೇ ಮೇಳದಲ್ಲಿ ಉಳಿಯಬಹುದು, ಇನ್ನೊಂದಕ್ಕೆ ಹೋಗಬಹುದು, ಯಾರಿಂದಲೂ ಕರೆಯಿಲ್ಲದೆ ಮನೆಯಲ್ಲಿ ಕೂರಲೂಬಹುದು. ಯಾವ ಮೇಳದಲ್ಲಿ ಎರಡನೆಯ ವೇಷಧಾರಿಯ ಜಾಗ ತೆರವಾಗಲಿದೆ, ಯಾವ ಭಾಗವತರು ಯಜಮಾನರೊಡನೆ ಮನಸ್ತಾಪ ಮಾಡಿಕೊಂಡಿದ್ದಾರೆ ಎಂಬ ಸುದ್ದಿ ಚೌಕಿಯಲ್ಲಿ ಬಣ್ಣ ಹಚ್ಚುವ ಹೊತ್ತಿನಲ್ಲೂ ಹಗಲಿನ ಬಿಡಾರದಲ್ಲೂ ಹರಡುತ್ತಿತ್ತು. ಆ ಕಾಲದ ಉದ್ಯೋಗಫಲಕವು ಚೌಕಿಯೇ ಆಗಿತ್ತೆನ್ನಲಡ್ಡಿಯಿಲ್ಲ. ಮಳೆಗಾಲದಲ್ಲಿ ಯಜಮಾನರು ಕೊಡುತ್ತಿದ್ದ ಮುಂಗಡವು ಆ ಮಾತಿಗೆ ಮುದ್ರೆಯಂತಿದ್ದಿತು. ಆ ಹಣ ಕಷ್ಟಕಾಲದಲ್ಲಿ ಅಕ್ಕಿಗಾಗುತ್ತಿತ್ತು. ಕಲಾವಿದನ ಕೈಯನ್ನು ಕಟ್ಟಿಹಾಕುತ್ತಲೂ ಇತ್ತು.

ವಿದ್ಯಾಭ್ಯಾಸವೂ ಉದ್ಯೋಗವೂ ಆಗ ಬೇರೆ ಬೇರೆಯಾಗಿರಲಿಲ್ಲ. ಮೇಳಕ್ಕೆ ಸೇರಿದ ಹುಡುಗನು ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಎಂಬ ಮೆಟ್ಟಿಲುಗಳನ್ನು ಹತ್ತಿ, ವರ್ಷಗಳು ಕಳೆದ ಮೇಲೆ ಒಡ್ಡೋಲಗದ ವೇಷಗಳಿಗೆ ಬರುತ್ತಿದ್ದನು. ಪೂರ್ವರಂಗದ ವೇಷ ಮುಗಿಸಿ ಮಲಗದೆ, ರಂಗಸ್ಥಳದ ಬದಿಯಲ್ಲಿ ಬೆಳಗಿನವರೆಗೆ ಕುಳಿತು ನೋಡಿದವನು ಮಾತ್ರ ಮುಂದೆ ಬಂದನು. ಬ್ರಹ್ಮಾವರದ ನೆರೆಯ ಹಾರಾಡಿ ಮತ್ತು ಮಟಪಾಡಿ ಎಂಬ ಎರಡು ಊರುಗಳು ಎರಡು ಕುಣಿತದ ಶೈಲಿಗಳಿಗೆ ಹೆಸರಾಗಿ ನಿಂತಿರುವುದಕ್ಕೆ ಈ ಸಹವಾಸದ ಕಲಿಕೆಯೇ ಕಾರಣವೆಂದು ತೋರುತ್ತದೆ. ಹಾರಾಡಿ ರಾಮ ಗಾಣಿಗರೂ ಮಟಪಾಡಿಯ ವೀರಭದ್ರ ನಾಯಕರೂ ಪಠ್ಯಕ್ರಮ ಬರೆದಿಟ್ಟವರಲ್ಲ. ಅವರ ಬಳಿಯಲ್ಲಿದ್ದವರ ಕಾಲುಗಳಲ್ಲಿ ಆ ಪಾಠ ಉಳಿಯಿತು. ಇದಕ್ಕೆ ತೀರ ಭಿನ್ನವಾದುದು ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಗೊಂಬೆಯಾಟ. ಅಲ್ಲಿ ವಿದ್ಯೆಯು ಕಾಮತ ಮನೆತನದೊಳಗೇ ತಂದೆಯಿಂದ ಮಗನಿಗೆ ಇಳಿದುಬಂದಿತು.

ಹೂವಿನಕೋಲನ್ನು ಈ ಸಂದರ್ಭದಲ್ಲಿ ವಿಶೇಷವಾಗಿ ಗಮನಿಸಬೇಕು. ನವರಾತ್ರಿಯ ದಿನಗಳಲ್ಲಿ ಭಾಗವತರು, ಮದ್ದಲೆಗಾರರು, ಇಬ್ಬರೋ ಮೂವರೋ ಬಾಲಕರು ಮನೆಮನೆಗೆ ಹೋಗುತ್ತಾರೆ. ಹೂವಿನಿಂದಲಂಕರಿಸಿದ ಕೋಲನ್ನು ಇದಿರಿಟ್ಟುಕೊಂಡು ಹುಡುಗರು ಪ್ರಸಂಗದ ಒಂದು ಭಾಗಕ್ಕೆ ಅರ್ಥ ಹೇಳುತ್ತಾರೆ. ಮನೆಯವರು ಕಾಣಿಕೆ ಕೊಡುತ್ತಾರೆ. ತಿರುಗಾಟಕ್ಕೆ ಮುನ್ನ ಹಿಮ್ಮೇಳದವರಿಗೆ ನಾಲ್ಕು ಕಾಸು, ಬಾಲಕರಿಗೆ ಮಾತುಗಾರಿಕೆಯ ಮೊದಲ ಪರೀಕ್ಷೆ, ಊರಿಗೆ ಹೊಸ ಪ್ರತಿಭೆಗಳ ಪರಿಚಯ – ಈ ಮೂರೂ ಒಂದೇ ಏರ್ಪಾಡಿನಲ್ಲಿ ನಡೆಯುತ್ತಿದ್ದವು. ಇಷ್ಟು ಮಿತವ್ಯಯದ ಶಿಕ್ಷಣಪದ್ಧತಿಯನ್ನು ನಮ್ಮ ವಿದ್ಯಾಲಯಗಳು ಇನ್ನೂ ಕಂಡುಹಿಡಿದಿಲ್ಲ.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಡೇರೆ ಮೇಳಗಳು ತಲೆಯೆತ್ತಿದವು. ಟಿಕೆಟ್ಟು ಕೊಂಡ ಪ್ರೇಕ್ಷಕನು ಬಂದಮೇಲೆ ಕಲಾವಿದನ ಹೆಸರಿಗೇ ಬೆಲೆ ಬಂದಿತು. ಜಾಹೀರಾತಿನಲ್ಲಿ ಹೆಸರು ದಪ್ಪಕ್ಷರದಲ್ಲಿ ಅಚ್ಚಾದವನ ಸಂಬಳವೂ ಏರಿತು. 1970ರಲ್ಲಿ ಮಣಿಪಾಲದಿಂದ ‘ಉದಯವಾಣಿ’ ಹೊರಬರತೊಡಗಿದ ಮೇಲೆ, ಇಂದು ಯಾವ ಮೇಳ ಯಾವ ಊರಿನಲ್ಲಿ ಎಂಬುದು ಪತ್ರಿಕೆಯಲ್ಲೇ ತಿಳಿಯುವಂತಾಯಿತು.

ಇದೇ ಹೊತ್ತಿಗೆ ಕಲಿಕೆಯು ಮೇಳದಿಂದ ಬೇರ್ಪಟ್ಟು ಶಾಲೆಯ ರೂಪ ತಾಳಿತು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ವೆಂಬ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು. ಅವರೂ ಕು. ಶಿ. ಹರಿದಾಸ ಭಟ್ಟರೂ ಸೇರಿ 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರವನ್ನು ತೆರೆದರು. ಹಂಗಾರಕಟ್ಟೆಯಲ್ಲೂ ಕಲಾಕೇಂದ್ರವಾಯಿತು, ಸಾಲಿಗ್ರಾಮದಲ್ಲಿ ಮಕ್ಕಳ ಮೇಳ ಹುಟ್ಟಿತು. ಹತ್ತು ತಿರುಗಾಟಗಳಲ್ಲಿ ಕಣ್ಣಳತೆಯಿಂದ ಹಿಡಿಯಬೇಕಾಗಿದ್ದ ತಾಳ-ಹೆಜ್ಜೆಗಳು ಪಾಠವಾಗಿ ಕ್ರಮಬದ್ಧವಾದುವು. ಆದರೆ ಪಾಠ ಕಲಿತವನಿಗೆ ಮೇಳದಲ್ಲಿ ಜಾಗ ದೊರಕಿಸುವ ಹೊಣೆ ಶಾಲೆಯದಾಗಲಿಲ್ಲ. ಇಲ್ಲಿಂದ ಮುಂದೆ ವಿದ್ಯೆಯ ದಾರಿ ಬೇರೆ, ಉದ್ಯೋಗದ ದಾರಿ ಬೇರೆ.

ಅಂತರ್ಜಾಲಕ್ಕೆ ಮುನ್ನವೇ ಒಂದು ಯಂತ್ರವು ಗುರುವಿನ ಸ್ಥಾನಕ್ಕೆ ಬಂದಿದ್ದಿತು, ಅದು ಧ್ವನಿಸುರುಳಿ. ಗುಂಡ್ಮಿಯ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿ, ಅಪಘಾತಕ್ಕೀಡಾಗಿ ತೀರಿಕೊಂಡರು. ಅವರನ್ನು ಕಣ್ಣಾರೆ ಕಾಣದ ಯುವಕರು ಕ್ಯಾಸೆಟ್ಟುಗಳನ್ನು ಕೇಳಿಯೇ ಅವರ ಪದ್ಯಗಳ ಮಟ್ಟುಗಳನ್ನು ಕಂಠಗತ ಮಾಡಿಕೊಂಡರು. ಇದು ಏಕಲವ್ಯನ ವಿದ್ಯೆ. ಕಂಠದ ತಿರುವು ಸಿಕ್ಕಿತು. ವೇಷಧಾರಿ ದಣಿದಾಗ ಪದ್ಯವನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಸುರುಳಿ ಕಲಿಸಲಿಲ್ಲ.

ಯೂಟ್ಯೂಬಿನ ದೃಶ್ಯಗಳ ಬಗೆಗೂ ಇದೇ ಮಾತು ಸಲ್ಲುತ್ತದೆ. ಆದರೆ ಪೂರ್ತಿಯಾಗಿ ಅಲ್ಲ. ಹಿಂದೆ ಬಲ್ಲವರು ಬಚ್ಚಿಟ್ಟುಕೊಂಡಿದ್ದ ಹೆಜ್ಜೆಯನ್ನು ಇಂದು ಯಾರ ಮರ್ಜಿಯನ್ನೂ ಕಾಯದೆ ನೂರು ಬಾರಿ ನೋಡಬಹುದು. ಮೇಳಕ್ಕೆ ಹೋಗಲು ಮನೆಯ ಅನುಮತಿಯಿಲ್ಲದ ಹೆಣ್ಣುಮಕ್ಕಳಿಗೆ ಇದು ಸಣ್ಣ ಲಾಭವಲ್ಲ. ಇದನ್ನು ಅಧಃಪತನವೆಂದು ಹಳಿಯುವವರು, ಹಳೆಯ ಚೌಕಿಯಲ್ಲಿ ಎಲ್ಲರಿಗೂ ಪ್ರವೇಶವಿರಲಿಲ್ಲವೆಂಬುದನ್ನು ಮರೆತಿರುತ್ತಾರೆ.

ಉದ್ಯೋಗದ ವಿಷಯದಲ್ಲಿ ಆಗಿರುವ ಪಲ್ಲಟವು ಇದಕ್ಕಿಂತ ಗಂಭೀರವಾದುದು. ಮೊದಲು ಕೊಂಕಣ ರೈಲ್ವೆ ಮತ್ತು ರಾತ್ರಿಯ ಬಸ್ಸುಗಳಿಂದ ಮಳೆಗಾಲದ ಮುಂಬಯಿ, ಬೆಂಗಳೂರುಗಳ ಆಟಗಳು ಸುಲಭವಾದುವು. ಆಮೇಲೆ ಚರವಾಣಿ ಬಂದಿತು. ಅತಿಥಿ ಕಲಾವಿದನಾಗಿ ಆಟವೊಂದಕ್ಕೆ ಇಂತಿಷ್ಟೆಂದು ಒಪ್ಪಿಕೊಳ್ಳುವ ಕ್ರಮವು ಬೆಳೆಯಿತು. ತಿರುಗಾಟದ ಸಂಬಳವು ಹೆಚ್ಚಿನದಾಗಿರಲಿಲ್ಲ. ಆದರೂ ಆಟವಿಲ್ಲದ ರಾತ್ರಿಯ ನಷ್ಟದಲ್ಲಿ ಯಜಮಾನನಿಗೂ ಪಾಲಿದ್ದಿತು. ಬಿಡಿ ಆಟದ ಪದ್ಧತಿಯಲ್ಲಿ ಖಾಲಿ ರಾತ್ರಿಯು ಪೂರ್ತಿಯಾಗಿ ಕಲಾವಿದನದು. 2020ರ ಮಾರ್ಚ್ ತಿಂಗಳಲ್ಲಿ ಪತ್ತನಾಜೆಗೆ ಎರಡು ತಿಂಗಳು ಮೊದಲೇ ಗೆಜ್ಜೆ ಬಿಚ್ಚಬೇಕಾಗಿ ಬಂದಾಗ ಈ ವ್ಯತ್ಯಾಸವು ಕಣ್ಣಿಗೆ ಹೊಡೆದಂತೆ ಕಂಡಿತು. ಆಗ ಚರವಾಣಿಯ ಪರದೆಯ ಮೇಲೆ ತಾಳದ ಪಾಠಗಳೂ ಆಟಗಳೂ ನಡೆದವು. ಹೆಸರಿದ್ದವರಿಗೆ ಅಷ್ಟಿಷ್ಟು ಒದಗಿತು. ಕೋಡಂಗಿ ಕುಣಿಯುವ ಹುಡುಗನನ್ನು ಪರದೆಗೆ ಕರೆಯುವವರು ವಿರಳ. ಉಡುಪಿಯ ಯಕ್ಷಗಾನ ಕಲಾರಂಗದಂಥ ಸಂಸ್ಥೆಗಳ ಕ್ಷೇಮನಿಧಿಯು ಅಂಥವರಿಗೆ ಆಸರೆಯಾದುದನ್ನು ಇಲ್ಲಿ ನೆನೆಯಬೇಕು.

ಈ ಇತಿಹಾಸಕ್ಕೆ ಬೇಕಾದ ಆಕರಗಳು ಗ್ರಂಥಾಲಯಗಳಲ್ಲಿ ಹೆಚ್ಚಾಗಿ ಸಿಗುವಂಥವಲ್ಲ. ಯಜಮಾನರ ಮನೆಯ ಲೆಕ್ಕಪುಸ್ತಕಗಳು, ಮುಂಗಡದ ರಸೀದಿಗಳು, ಆಟದ ಕರಪತ್ರಗಳು ಗೆದ್ದಲಿನ ಪಾಲಾಗುವ ಮುನ್ನ ಪ್ರತಿಯಾಗಬೇಕು. ಚರವಾಣಿಯಲ್ಲಿ ಬರುವ ಇಂದಿನ ಕರೆಗಳ ಆಯುಷ್ಯವು ಅದಕ್ಕಿಂತಲೂ ಅಲ್ಪ. ಬೆಳಿಗ್ಗೆ ಬಂದ ಸಂದೇಶವು ಸಂಜೆಗೆ ಅಳಿಸಿಹೋಗಿರುತ್ತದೆ. ಈ ಮೂರು ತಾಲ್ಲೂಕುಗಳ ಕಾಲೇಜುಗಳ ವಿದ್ಯಾರ್ಥಿಗಳು ಒಂದು ತಿರುಗಾಟದ ಅವಧಿಯಲ್ಲಿ, ಹತ್ತು ಮಂದಿ ಕಲಾವಿದರ ಒಪ್ಪಿಗೆ ಪಡೆದು, ಎಷ್ಟು ಕರೆಗಳು ಬಂದವು, ಎಷ್ಟು ರಾತ್ರಿ ಕೆಲಸವಾಯಿತು, ಹಣ ಯಾವಾಗ ಕೈಸೇರಿತು ಎಂಬುದನ್ನು ದಿನಾಂಕಸಹಿತ ಬರೆದಿಡಬಹುದು.