ಎಂಟಕ್ಷರದ ಊರು

ನಮ್ಮ ದಂಡಿಗನಹಳ್ಳಿಯನ್ನು ಇಂಗ್ಲಿಷಿನಲ್ಲಿ ಬರೆದರೆ 14 ಅಕ್ಷರ. ಡಾಸ್ ಕಾಲದ ಕಂಪ್ಯೂಟರು ಒಂದು ಫೈಲಿನ ಹೆಸರಿಗೆ ಕೊಡುತ್ತಿದ್ದದ್ದು 8 ಅಕ್ಷರದ ಜಾಗ, ಚುಕ್ಕಿಯ ಆಚೆಗೆ ಇನ್ನು 3. ಹಾಗಾಗಿ ನಮ್ಮೂರು ಅದರ ಹೊಟ್ಟೆಯಲ್ಲಿ 'ದಂಡಿಗನ್' ಆಗಿ ಉಳಿಯಿತು. ಹಳ್ಳಿ ಹೊರಗೇ ನಿಂತಿತು.

ಇದು 1990ರ ದಶಕದ ಆರಂಭದ ಮಾತು. ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ನಾನು ಚನ್ನರಾಯಪಟ್ಟಣದಲ್ಲಿ ಮೂರು ತಿಂಗಳ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಚಪ್ಪಲಿ ಹೊರಗೆ ಬಿಡಬೇಕು, ಕಿಟಕಿಗೆಲ್ಲ ಪರದೆ. "ದೇವ್ರ ಮನೆಗಿಂತ ಮಡಿ ಜಾಸ್ತಿ ಕಣೇ ಅಲ್ಲಿ" ಎಂದು ಅಮ್ಮ ನಗುತ್ತಿದ್ದಳು. ನಾವು ಕಲಿತ ಯಂತ್ರಕ್ಕೆ ಮೌಸ್ ಇರಲಿಲ್ಲ, ಪರದೆಯ ಮೇಲೆ ಚಿತ್ರವೂ ಇಲ್ಲ. ಕಪ್ಪು ಗಾಜಿನ ಮೇಲೆ ಒಂದು 'ಸಿ', ಎರಡು ಚುಕ್ಕಿ, ಒಂದು ಓರೆಗೆರೆ, ಬಾಣದ ತುದಿಯಂಥ ಗುರುತು. ಅದರ ಪಕ್ಕ ಮಿಣುಕುವ ಗೀಟು. 'ಎ' ಮತ್ತು 'ಬಿ' ಫ್ಲಾಪಿಗಳ ಪಾಲಾಗಿದ್ದರಿಂದ ಒಳಗಿನ ಡಿಸ್ಕಿಗೆ 'ಸಿ' ಬಂತು. ಈ ಗುರುತಿಗೆ ಪ್ರಾಂಪ್ಟ್ ಎಂದು ಹೆಸರು. ನಮ್ಮೂರ ನಾಟಕಗಳಲ್ಲಿ ಮಾತು ಮರೆತ ದುರ್ಯೋಧನನಿಗೆ ಪರದೆ ಮರೆಯಿಂದ ಹೇಳಿಕೊಡುವುದಕ್ಕೂ ಪ್ರಾಂಪ್ಟ್ ಅಂತಲೇ ಹೇಳುತ್ತಾರೆ. ಇದೋ, ಏನೂ ಹೇಳಿಕೊಡದ ಪ್ರಾಂಪ್ಟು! ಮಾತೆಲ್ಲ ನಮಗೇ ಬಾಯಿಪಾಠ ಇರಬೇಕು. 'ಡಿಐಆರ್' ಎಂದರೆ ಫೈಲುಗಳ ಪಟ್ಟಿ, 'ಸಿಡಿ' ಎಂದರೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವುದು, 'ಡೆಲ್' ಎಂದರೆ ಅಳಿಸುವುದು. ಒಂದಕ್ಷರ ತಪ್ಪಿದರೆ 'ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್' ಎಂಬ ಬೈಗುಳ.

ಈ 8 ಅಕ್ಷರದ ಕಟ್ಟಳೆ ಮಾಡಿದವರು ಯಾರು? ಅಮೆರಿಕದ ಗ್ಯಾರಿ ಕಿಲ್ಡಾಲ್ 1970ರ ದಶಕದಲ್ಲಿ ಬರೆದ ಸಿಪಿ/ಎಂ ಎಂಬ ವ್ಯವಸ್ಥೆಯಲ್ಲೇ ಅದಿತ್ತು. ಸಿಯಾಟಲ್‌ನ ಟಿಮ್ ಪ್ಯಾಟರ್ಸನ್ 1980ರಲ್ಲಿ ಅದೇ ಜಾಡಿನಲ್ಲಿ ಇನ್ನೊಂದನ್ನು ಬರೆದರು. ಅದರ ಪೂರ್ತಿ ಹಕ್ಕನ್ನು ಮೈಕ್ರೋಸಾಫ್ಟ್ 1981ರ ಜುಲೈನಲ್ಲಿ 50,000 ಡಾಲರಿಗೆ ಕೊಂಡಿತು. ಅದೇ ಎಂಎಸ್-ಡಾಸ್. ಡಿಸ್ಕಿನಲ್ಲಿ ಜಾಗ ಕಡಿಮೆ. ಒಂದೊಂದು ಫೈಲಿನ ವಿವರಕ್ಕೆ 32 ಮನೆ, ಅದರಲ್ಲಿ ಹೆಸರಿಗೆ 11. ಅವರ ಊರು, ಅವರ ಹೆಸರುಗಳಿಗೆ ಅದು ಸಾಕಾಗಿತ್ತೋ ಏನೋ. ನಮ್ಮ ಕಡೆಗೆ ಬಂದಾಗ ಪಜೀತಿಯಾಯಿತು. ಶ್ರವಣಬೆಳಗೊಳದಲ್ಲಿ ಬೆಳಗೊಳ ಹೋಗಿ ಬರೀ 'ಶ್ರವಣ' ಉಳಿಯಿತು. ಹೊಳೆನರಸೀಪುರ 'ಹೊಳೆನರ', ಚನ್ನರಾಯಪಟ್ಟಣ 'ಚನ್ನರ'. ಅರಕಲಗೂಡು, ಹಿರೀಸಾವೆ ಇವೆರಡು ಮಾತ್ರ ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ ಸರಿಯಾಗಿ ಎಂಟಕ್ಕೆ ಕೂರುತ್ತಿದ್ದವು.

ನಗುವ ವಿಷಯವಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿದ್ದ ಗೆಳತಿ ಅಭ್ಯಾಸಕ್ಕೆಂದು ಊರಿನ ಶಾಲೆಯ ಹುಡುಗಿಯರ ಹೆಸರು, ಹುಟ್ಟಿದ ತಾರೀಖುಗಳನ್ನು ನಾಲ್ಕು ದಿನ ಕೂತು ಟೈಪು ಮಾಡಿದ್ದಳು. ಫ್ಲಾಪಿಯಿಂದ ಒಳಗಿನ ಡಿಸ್ಕಿಗೆ ಕಾಪಿ ಮಾಡುವಾಗ ಊರಿನ ಹೆಸರಿನ ಮುಂದೆ 'ಗರ್ಲ್ಸ್' ಸೇರಿಸಿದಳು. ಆಮೇಲೆ ಊರಿನ ಹೆಸರಿನ ಮುಂದೆ 'ಬಾಯ್ಸ್' ಎಂದು ಹುಡುಗರ ಪಟ್ಟಿ. ಎರಡು ಸಲವೂ 'ಒಂದು ಫೈಲು ಕಾಪಿ ಆಯಿತು' ಎಂಬ ಉತ್ತರ ಬಂತು. ಫ್ಲಾಪಿ ಮುಂದಿನವರಿಗೆ ಬೇಕಿತ್ತು, ಅದನ್ನು ಫಾರ್ಮ್ಯಾಟ್ ಮಾಡಿದ್ದೂ ಆಯಿತು. ಮರುದಿನ ನೋಡಿದರೆ 'ದಂಡಿಗನ್' ಎಂಬ ಒಂದೇ ಫೈಲು, ಒಳಗೆ ಹುಡುಗರು ಮಾತ್ರ.

"ಅಯ್ಯೋ, ಹುಡ್ಗೀರೆಲ್ಲ ಎಲ್ಲಿಗೋದ್ರು ಸಾರ್?"

"ಎರಡಕ್ಕೂ ಮೊದಲ ಎಂಟು ಅಕ್ಷರ ಒಂದೇ ಅಲ್ವೇನಮ್ಮಾ? ಹಳೇದರ ಮೇಲೆ ಬರೆದುಬಿಡ್ತದೆ" ಎಂದರು ಮೇಷ್ಟ್ರು, ಅದು ಲೋಕನಿಯಮ ಎಂಬಂತೆ. ಕಾಪಿ ಮಾಡುವಾಗ 'ಇದರ ಮೇಲೆ ಬರೆಯಲೇ?' ಎಂದು ಒಂದು ಮಾತು ಕೇಳುವುದನ್ನು ಡಾಸ್ ಕಲಿತದ್ದು 1993ರ 6.2ನೇ ಆವೃತ್ತಿಯಲ್ಲಿ. ಮೊದಲೇ ಕೇಳಲು ಏನು ಕಷ್ಟವಿತ್ತೋ! ಗೆಳತಿ ಇನ್ನೂ ನಾಲ್ಕು ದಿನ ಕೂತು ಎಲ್ಲ ಹುಡುಗಿಯರನ್ನೂ ಮತ್ತೆ ಬರೆದಳು. ಈ ಸಲ 'ಗರ್ಲ್ಸ್' ಮೊದಲು, ಊರು ಆಮೇಲೆ.

ಆ ಕಪ್ಪು ಪರದೆಗೆ ಕನ್ನಡ ತರಲು ಹೆಣಗಿದವರೂ ಇದ್ದರು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಕೂರಿಸಿದರೆ ಭಾರತದ ಲಿಪಿಗಳು ಮೂಡುತ್ತಿದ್ದವು. ಮಂಗಳೂರು ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಡಾಸ್‌ನಲ್ಲಿ ನಡೆಯುವ ಕನ್ನಡ ತಂತ್ರಾಂಶ ಬರೆದು, ಅದಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ 'ಸೇಡಿಯಾಪು' ಎಂದು ಹೆಸರಿಟ್ಟು, ಕಾಸು ಕೇಳದೆ ಹಂಚಿದರು. ವ್ಯಂಜನದ ಕೀಲಿ ಒತ್ತಿ ಸ್ವರದ ಕೀಲಿ ಒತ್ತಿದರೆ ಕಾಗುಣಿತ. ನಡುವೆ ಇನ್ನೊಂದು ಕೀಲಿ ಒತ್ತಿದರೆ ಒತ್ತಕ್ಷರ. ನಾವು ಒಂದನೇ ತರಗತಿಗೆ ಕಲಿಸುವ ಕ್ರಮವೇ. ಹಾಗೆ ಒತ್ತಿದರೆ ದಂಡಿಗನಹಳ್ಳಿಗೆ 11 ಕೀಲಿ ಸಾಕು, 14 ಬೇಡ. ಆದರೆ ಅದೆಲ್ಲ ಬರವಣಿಗೆಗೆ. ಪ್ರಾಂಪ್ಟಿನ ಆಜ್ಞೆಗಳು ಇಂಗ್ಲಿಷಿನಲ್ಲೇ ಉಳಿದವು.

1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಂದ ಮೇಲೆ ಹೆಸರಿಗೆ 255 ಅಕ್ಷರದವರೆಗೆ ಜಾಗ ಸಿಕ್ಕಿತು. ಡಾಸ್ ಕಾಲದ ಪ್ರೋಗ್ರಾಮುಗಳಿಗೆ ಅಷ್ಟುದ್ದ ಓದಲು ಬಾರದಲ್ಲ, ಅವುಗಳಿಗಾಗಿ ಪ್ರತಿ ಉದ್ದನೆಯ ಹೆಸರಿಗೂ ಒಂದು ಮೋಟು ಹೆಸರನ್ನು ತಾನೇ ಇಡುತ್ತಿತ್ತು: ಮೊದಲ ಆರು ಅಕ್ಷರ, ಒಂದು ಅಲೆಗೆರೆ, ಒಂದು ಅಂಕಿ. ಅಲ್ಲಿ ನಮ್ಮೂರು ಇನ್ನೂ ಚಿಕ್ಕದಾಯಿತು. 'ದಂಡಿಗ್', ಅಲೆಗೆರೆ, 1.