ಸಿಡಿ ಓಡ್ಲಿಲ್ಲಂತ ಲ್ಯಾಪ್‌ಟಾಪ್ ಗುಜರಿಗ್ಯಾಕ?

ನಮ್ಮ ಜಲನಗರದಾಗ ಭಾಳ ಮನ್ಯಾಗ ಒಂದೊಂದು ಹಳೇ ಲ್ಯಾಪ್‌ಟಾಪ್ ಅದ. ಮಕ್ಕಳು ಕಾಲೇಜ್ ಓದೂಮುಂದ ತಂದದ್ದು, ಈಗ ಕಪಾಟಿನ್ಯಾಗ ಸೀರಿ ಗಂಟಿನ ಹಿಂದ ಕುಂತದ. 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗೀತು. ವಿಂಡೋಸ್ 11 ಹಾಕೋಣಂದ್ರ ಭಾಳಷ್ಟು ಹಳೇ ಮಷಿನ್ ಅದಕ್ಕ ಒಗ್ಗೂದಿಲ್ಲ. ‘ಲಿನಕ್ಸ್ ಹಾಕ್ರಿ, ಪುಕ್ಕಟೆ ಸಿಗ್ತದ’ ಅಂತ ಯಾರರ ಅಂದ್ರ, ‘ಅಯ್ಯ, ಸಿಡಿ ಹಾಕೂದ ಕೆಟ್ಟದ, ಇನ್ನ ಎಲ್ಲಿಂದ ಹಾಕೂದ್ರಿ’ ಅಂತ ಮಾತು ಮುಗಿಸಿಬಿಡ್ತೀವಿ. ಖರೇ ನೋಡಿದ್ರ, ಲಿನಕ್ಸಿನ ಇತಿಹಾಸದಾಗ ಸಿಡಿ ಅನ್ನೂದು ನಡುವ ಬಂದು ಹೋದ ಒಂದು ಬುಟ್ಟಿ ಅಷ್ಟ. ಬುಟ್ಟಿ ಹರದ್ರ ಜ್ವಾಳ ಚೀಲದಾಗ ತರ್ತೀವಿ, ಜ್ವಾಳ ತರೂದ ಬಿಡೂದಿಲ್ಲ.

ಕಂಪ್ಯೂಟರ್ ಚಾಲೂ ಮಾಡಿದ ಕೂಡ್ಲೆ ಎದ್ದು ಕೀಬೋರ್ಡ್, ಪರದೆ, ಫೈಲ್ ಎಲ್ಲಾ ನಡಸೂ ಯಜಮಾನ್ತಿಗೆ ಆಪರೇಟಿಂಗ್ ಸಿಸ್ಟಮ್ ಅಂತಾರ. ವಿಂಡೋಸ್ ಹಂಗ ಲಿನಕ್ಸೂ ಒಂದು. 1991ರ ಆಗಸ್ಟ್ 25ಕ್ಕ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಾಗ ಓದ್ತಿದ್ದ 21 ವರ್ಷದ ಹುಡುಗ ಲಿನಸ್ ಟೊರ್ವಾಲ್ಡ್ಸ್ ಇದರ ಸುದ್ದಿ ಜಗತ್ತಿಗೆ ಹೇಳಿದ. ಮರುವರ್ಷ ಅದನ್ನ ಜಿಪಿಎಲ್ ಅನ್ನೂ ಲೈಸೆನ್ಸಿನ ಕೆಳಗ ಕೊಟ್ಟ. ಅದರ ಅರ್ಥ ಯಾರು ಬೇಕಾದ್ರೂ ಕಾಪಿ ಮಾಡಬಹುದು, ತಿದ್ದಬಹುದು, ಮಂದಿಗೆ ಕೊಡಬಹುದು. ಮಗ್ಗಲ ಮನಿಯವ್ರಿಗೆ ಹೆಪ್ಪು ಕೊಟ್ರ ನಮ್ಮ ಮೊಸರೇನು ಕಡಿಮಿ ಆಗೂದಿಲ್ಲಲ್ಲ, ಹಂಗ.

ಆವಾಗ ಬುಟ್ಟಿ ಅಂದ್ರ ಫ್ಲಾಪಿ. ಒಂದರಾಗ ಹಿಡಿಯೂದು 1.44 ಎಂಬಿ, ಈಗಿನ ಮೊಬೈಲಿನ ಒಂದು ಫೋಟೋನೂ ಕೂಡೂದಿಲ್ಲ. 1993ರಾಗ ಸ್ಲ್ಯಾಕ್‌ವೇರ್ ಲಿನಕ್ಸ್ ಬಂದಾಗ ಫ್ಲಾಪಿಗಳ ದೊಡ್ಡ ಅಡಕಲಿನ ಬೇಕಿತ್ತು. ಒಂದಾದ ಮ್ಯಾಲ ಒಂದು ತುರುಕಬೇಕು, ನಡುವ ಒಂದು ಕೆಟ್ಟಿತ್ತಂದ್ರ ಅಲ್ಲಿಗೆ ಕೆಲಸ ನಿಂತು ಹೋಗ್ತಿತ್ತು.

ನಮ್ಮ ದೇಶದಾಗ ಸಾಮಾನ್ಯ ಮಂದಿಗೆ ಇಂಟರ್ನೆಟ್ ಬಂದದ್ದ 1995ರ ಆಗಸ್ಟ್ 15ಕ್ಕ, ಅದೂ ಟೆಲಿಫೋನ್ ತಂತಿ ಮ್ಯಾಲ. ಆಮ್ಯಾಲ ಬಂದ 56ಕೆ ಮೋಡೆಮಿನ ಪೂರ್ತಿ ವೇಗ ಹಿಡದು ಲೆಕ್ಕ ಹಾಕಿದ್ರೂ 700 ಎಂಬಿಯ ಒಂದು ಸಿಡಿ ಇಳಿಸಲಿಕ್ಕೆ 28 ತಾಸು ಬೇಕು! ಅದಕ್ಕ 1996ರಾಗ ‘ಪಿಸಿ ಕ್ವೆಸ್ಟ್’ ಅನ್ನೂ ಇಂಗ್ಲಿಷ್ ಪತ್ರಿಕೆ ತನ್ನ ಸಂಚಿಕೆ ಜೋಡಿ ಲಿನಕ್ಸ್ ಸಿಡಿನ ಕೊಟ್ಟಿತು. ಇದರ ಹಿಂದ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2001ರಾಗ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಕಟ್ಟಿದವರೊಳಗೂ ಅವರಿದ್ರು. 2013ರಾಗ ತೀರಿಕೊಂಡ್ರು. ಆಮ್ಯಾಲ ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ 2004ರಾಗ ಉಬುಂಟು ಅನ್ನೂ ಲಿನಕ್ಸ್ ತಂದ್ರು. ಬೇಕಂದವರ ಮನೀಗೆ ಟಪಾಲಿನ್ಯಾಗ ಸಿಡಿ ಪುಕ್ಕಟೆ ಕಳಸ್ತಿದ್ರು. 2011ರಾಗ ಅದನ್ನ ನಿಲ್ಲಿಸಿದ್ರು.

ಯಾಕ ನಿಲ್ಲಿಸಿದ್ರು? ಅಷ್ಟೊತ್ತಿಗೆ ಇಂಟರ್ನೆಟ್ ಚುರುಕಾಗಿತ್ತು, ಸಿಡಿ ಬುಟ್ಟೀನೂ ಹರೀಲಿಕ್ಕೆ ಹತ್ತಿತ್ತು. 2007ರಾಗ ಆಸುಸ್ ಕಂಪನಿ ಈ-ಪಿಸಿ ಅಂತ ಸಣ್ಣ ಲ್ಯಾಪ್‌ಟಾಪ್ ತಂತು. ಅದರಾಗ ಲಿನಕ್ಸ್ ಇತ್ತು, ಸಿಡಿ ಹಾಕೂ ಜಾಗಾನ ಇರಲಿಲ್ಲ! ಅದ ವರ್ಷ ಯುನೆಟ್‌ಬೂಟಿನ್ ಅನ್ನೂ ಸಾಫ್ಟ್‌ವೇರ್ ಬಂತು, ಸಿಡಿ ಇಲ್ದ ಲಿನಕ್ಸ್ ಹಾಕೂ ಹಾದಿ ಸರಳ ಆತು. 2008ರಾಗ ವೂಬಿ ಬಂದು ವಿಂಡೋಸಿನ ಒಳಗಿಂದನ ಉಬುಂಟು ಹಾಕೂಹಂಗ ಮಾಡಿತು. 2012ರ ಅಕ್ಟೋಬರಿನ ಉಬುಂಟು ಅಂತೂ ಒಂದು ಸಿಡ್ಯಾಗ ಹಿಡಸಲೇ ಇಲ್ಲ.

ಈಗಿನ ಬುಟ್ಟಿ ಪೆನ್ ಡ್ರೈವ್. 8 ಜಿಬಿದು ಸಾಕು. ಮೊದಲ ಲ್ಯಾಪ್‌ಟಾಪಿನ್ಯಾಗಿನ ಮದವಿ ಫೋಟೋ, ಮಕ್ಕಳ ಮಾರ್ಕ್ಸ್‌ಕಾರ್ಡ್, ಸಂಘದ ಲೆಕ್ಕ ಎಲ್ಲಾ ಬ್ಯಾರೆ ಕಡೆ ಕಾಪಿ ಮಾಡಿಡ್ರಿ, ಯಾಕಂದ್ರ ಲಿನಕ್ಸ್ ಪೂರ್ತಿ ಹಾಕಿದ್ರ ಹಳೇದು ಅಳಿಸಿ ಹೋಗ್ತದ. ಚಲೋ ಇರೂ ಇನ್ನೊಂದು ಕಂಪ್ಯೂಟರಿನ್ಯಾಗ ಲಿನಕ್ಸಿನ ಐಎಸ್ಒ ಫೈಲ್ ಇಳಿಸಿ, ರೂಫಸ್‌ನಂಥ ಸಾಫ್ಟ್‌ವೇರಿನಿಂದ ಪೆನ್ ಡ್ರೈವಿಗೆ ಬರಸ್ಬೇಕು. ಸುಮ್ನ ಕಾಪಿ-ಪೇಸ್ಟ್ ಮಾಡಿದ್ರ ಸಾಮಾನ್ಯವಾಗಿ ಅದು ಏಳೂದಿಲ್ಲ. ಪೆನ್ ಡ್ರೈವಿನ್ಯಾಗ ಮೊದಲಿದ್ದದ್ದೂ ಅಳೀತದ, ನೆನಪಿರ್ಲಿ. ಆಮ್ಯಾಲ ಹಳೇ ಲ್ಯಾಪ್‌ಟಾಪಿಗೆ ಹಚ್ಚಿ, ಚಾಲೂ ಮಾಡಿದ ಕೂಡ್ಲೆ ಎಫ್12 ಇಲ್ಲಾ ಎಸ್ಕೇಪ್ ಒತ್ತಿ (ಕಂಪನಿ ಮ್ಯಾಲ ಬಟನ್ ಬ್ಯಾರೆ ಇರ್ತದ) ಯುಎಸ್‌ಬಿ ಆರಿಸ್ಬೇಕು. ಉಬುಂಟು, ಮಿಂಟ್‌ನಂಥವನ್ನ ಮೊದಲ ಪೆನ್ ಡ್ರೈವಿನಿಂದನ ಓಡಿಸಿ ನೋಡಬಹುದು. ಗಾಳ್ಯಾಗಿನ ನೆಟ್ ಹತ್ತತದೋ, ಸೌಂಡ್ ಬರ್ತದೋ, ಪ್ರಿಂಟರ್ ಒಗ್ಗತದೋ ನೋಡ್ಕೊಂಡ ಮ್ಯಾಲನ ಒಳಗ ಹಾಕ್ರಿ.

ಕನ್ನಡ ಬರಿಯೂ ಚಿಂತಿನೂ ಬ್ಯಾಡ. ಕನ್ನಡ ಗಣಕ ಪರಿಷತ್ತಿನ ಹೆಸರಿನ ‘ಕಗಪ’ ಕೀಬೋರ್ಡ್ ಲಿನಕ್ಸಿನ್ಯಾಗ ಮೊದಲ ಇರ್ತದ, ಸೆಟ್ಟಿಂಗಿನ್ಯಾಗ ಆರಿಸ್ಕೊಂಡ್ರ ಆತು.

ಈಗ ಪೆನ್ ಡ್ರೈವ್ ಅದ, ನಾಳೆ ಮತ್ತೇನೋ ಬರ್ತದ. ಫ್ಲಾಪಿ ಕಾಲದಿಂದ ಇಲ್ಲೀತನ ಇದು ನಡದು ಬಂದದ್ದು ಒಬ್ಬರು ಕಾಪಿ ಮಾಡಿ ಇನ್ನೊಬ್ಬರಿಗೆ ಕೊಟ್ಟಿದ್ದಕ್ಕ. ಓಣ್ಯಾಗ ಒಬ್ಬರ ಹತ್ರ ಬರಸಿದ ಪೆನ್ ಡ್ರೈವ್ ಇದ್ರ ಹತ್ತು ಮನೀಗೆ ಸಾಲ್ತದ. ಲ್ಯಾಪ್‌ಟಾಪ್ ಕೇಜಿ ಲೆಕ್ಕದಾಗ ಗುಜರಿಯವಗ ಕೊಡೂಕಿಂತ ಮೊದಲ, ಅಕ್ಕಾರ, ಒಂದ್ಸಲ ಕೇಳಿ ಇಸ್ಕೋರಿ.