ಎಲ್ಲಿಯವರೆಗೆ ಎಣಿಸಬೇಕು?

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ ಯಾವುದಾದರೊಂದು ತೆಂಗಿನ ತೋಟವನ್ನು ಹೊಕ್ಕು ನೋಡಿ. ಒಂದು ಮರದ ಗರಿ ಪಕ್ಕದ ಮರಕ್ಕಷ್ಟೇ ತಾಗುತ್ತದೆ. ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆಯಾದರೋ ದೂರದ ಚಿಕ್ಕನಾಯಕನಹಳ್ಳಿಯ ತೋಟದವರನ್ನೂ ತಟ್ಟುತ್ತದೆ. ಅಣುಗಳ ಲೋಕದಲ್ಲೂ ಹೀಗೆಯೇ ಹತ್ತಿರದ ಪ್ರಭಾವವೊಂದು, ದೂರದ ಪ್ರಭಾವವೊಂದು. ಇವೆರಡನ್ನೂ ಒಂದೇ ಅಳತೆಯಲ್ಲಿ ಅಳೆದು, ಬಳಿಕ ತಿದ್ದಿಕೊಂಡ ಕಥೆ ಇದು.

ಪರಮಾಣುಗಳ ಚಲನೆಯನ್ನು ಗಣಕಯಂತ್ರದಲ್ಲಿ ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುವ ವಿಧಾನಕ್ಕೆ ಮಾಲಿಕ್ಯುಲರ್ ಡೈನಾಮಿಕ್ಸ್ ಎಂದು ಹೆಸರು. ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್ 1964ರಲ್ಲಿ ಅಮೆರಿಕದಲ್ಲಿ ದ್ರವ ಆರ್ಗಾನಿನ 864 ಪರಮಾಣುಗಳ ಚಲನೆಯನ್ನು ಹೀಗೆ ಲೆಕ್ಕ ಹಾಕಿದರು. ಅಷ್ಟಕ್ಕೇ 3,72,816 ಜೋಡಿಗಳಾಗುತ್ತವೆ! ಆದ್ದರಿಂದ ಒಂದು ಗಡಿಯಾಚೆಗಿನ ಪರಮಾಣುಗಳನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಈ ಗಡಿಯೇ ‘ಕಟ್‌ಆಫ್’.

ಆರ್ಗಾನಿಗೆ ಅದು ಸರಿ. ಅದರ ಪರಮಾಣುಗಳಿಗೆ ವಿದ್ಯುದಾವೇಶವಿಲ್ಲ. ದೂರ ಇಮ್ಮಡಿಸಿದರೆ ಆಕರ್ಷಣೆಯ ಶಕ್ತಿ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆವೇಶಗಳ ನಡುವಣ ಶಕ್ತಿ ಮಾತ್ರ ಅರ್ಧಕ್ಕಷ್ಟೇ ಇಳಿಯುತ್ತದೆ. ಆ ದೂರದ ಸುತ್ತಿನಲ್ಲಿರುವ ಪರಮಾಣುಗಳೋ ನಾಲ್ಕು ಪಟ್ಟು! ಧನ, ಋಣ ಆವೇಶಗಳು ಬಹುಮಟ್ಟಿಗೆ ಸರಿದೂಗುತ್ತವೆ, ನಿಜ. ನಡುವೆ ಗೆರೆ ಎಳೆದರೆ ಆ ಸರಿದೂಗುವಿಕೆಯೇ ಕೆಡುತ್ತದೆ. ಕೊಬ್ಬರಿ ಎಣ್ಣೆಯ ಇಂಗಾಲದ ಸರಪಳಿಗಳಲ್ಲಿ ಆವೇಶದ ಪಾತ್ರ ಅಲ್ಪ. ಎಳನೀರಿನಲ್ಲಿ ಪೊಟ್ಯಾಸಿಯಂ ಅಯಾನುಗಳಿವೆ. ಎರಡಕ್ಕೂ ಒಂದೇ ಲೆಕ್ಕ ನಡೆಯದು.

ಡಿ.ಎನ್.ಎ.ಯ ಎಳೆಗಳ ಮೇಲೆ ಋಣ ಆವೇಶಗಳ ಸಾಲೇ ಇದೆ. ಕಟ್‌ಆಫ್ ಬಳಸಿದ ಹಲವು ಲೆಕ್ಕಗಳಲ್ಲಿ ಅದರ ಜೋಡಿ ಸುರುಳಿ ವಿಕಾರಗೊಳ್ಳುತ್ತಿತ್ತು. ಪರಿಹಾರದ ಬೀಜ ಹಳೆಯದು. ಜರ್ಮನಿಯ ಪೌಲ್ ಎವಾಲ್ಡ್ 1921ರಲ್ಲೇ ಹರಳುಗಳಿಗಾಗಿ ಈ ಮೊತ್ತವನ್ನು ಎರಡಾಗಿ ಒಡೆದಿದ್ದರು: ಹತ್ತಿರದ ಪಾಲನ್ನು ನೇರವಾಗಿ ಎಣಿಸುವುದು, ದೂರದ ಪಾಲನ್ನು ಅಲೆಗಳ ಮೊತ್ತವಾಗಿ ಕೂಡುವುದು. 1993ರಲ್ಲಿ ಡಾರ್ಡನ್, ಯಾರ್ಕ್ ಮತ್ತು ಪೆಡರ್ಸನ್ ಅಲೆಗಳ ಲೆಕ್ಕವನ್ನು ಚೌಕಳಿ ಜಾಲದ ಮೇಲೆ ಬೇಗ ಮುಗಿಯುವಂತೆ ಮಾಡಿದರು. ಅದೇ ‘ಪಾರ್ಟಿಕಲ್ ಮೆಷ್ ಎವಾಲ್ಡ್’. 1995ರಲ್ಲಿ ಈ ವಿಧಾನದಿಂದ ಡಿ.ಎನ್.ಎ. ಸುರುಳಿ ಗಣಕಯಂತ್ರದಲ್ಲಿ ಸ್ಥಿರವಾಗಿ ನಿಂತಿತು.

ಇಂದು ಹತ್ತಿರದ ಲೆಕ್ಕಕ್ಕೆ ಸುಮಾರು 10 ಆಂಗ್‌ಸ್ಟ್ರಾಮ್ ಗಡಿಯಿಟ್ಟು, ಆವೇಶಗಳ ದೂರದ ಪಾಲನ್ನು ಎವಾಲ್ಡ್ ವಿಧಾನಕ್ಕೆ ಬಿಡುವುದು ರೂಢಿ. ನಾವು ಬಳಸುವ ಬಲಸೂತ್ರಗಳನ್ನು ರೂಪಿಸಿದವರು ಯಾವ ಗಡಿ ಇಟ್ಟಿದ್ದರೋ ಅದನ್ನೇ ಅನುಸರಿಸುವುದು ಕ್ಷೇಮ.

ಗಡಿ ತಪ್ಪಿದರೂ ಯಂತ್ರ ನಿಲ್ಲುವುದಿಲ್ಲ. ಉತ್ತರ ಕೊಟ್ಟೇ ಕೊಡುತ್ತದೆ. ಲೆಕ್ಕದಿಂದ ಏನನ್ನು ಬಿಟ್ಟಿದ್ದೇವೆ, ಅದನ್ನು ಬಿಡಬಹುದೇ ಎಂದು ಕೇಳಿಕೊಳ್ಳಬೇಕಾದವರು ನಾವೇ ಅಲ್ಲವೇ?